ಬಡವನ ಚಿತ್ರಕ್ಕೆ ಬೆಲೆ ಕಟ್ಟುವಾಗ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾದು ಕುಳಿತ ಕಾರ್ಮಿಕರನ್ನು ನಾವು ದಾಟಿ ಹೋಗುತ್ತೇವೆ. ಒಬ್ಬರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಅಂಥದೇ ಮನುಷ್ಯನನ್ನು ಯೂಸುಫ್ ಅರಕ್ಕಲ್ ಕ್ಯಾನ್ವಾಸಿನಲ್ಲಿ ಕೂರಿಸಿದರೆ ನಿಂತು ನೋಡುತ್ತೇವೆ. ನಾವು ನೋಡುವುದು ಮನುಷ್ಯನನ್ನೋ, ಬರೀ ಚಿತ್ರವನ್ನೋ?

1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದ ಅರಕ್ಕಲ್ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡರು. ಹುಡುಗನಾಗಿದ್ದಾಗಲೇ ಮನೆಬಿಟ್ಟು ಬೆಂಗಳೂರಿಗೆ ಬಂದರು. ಎಚ್.ಎ.ಎಲ್. ಕಾರ್ಖಾನೆಯಲ್ಲಿ ದುಡಿದರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತರು. ಕೊನೆಗೆ ಚಿತ್ರಕ್ಕಾಗಿ ಆ ನೌಕರಿಯನ್ನೂ ಬಿಟ್ಟರು. ಸರಕಾರಿ ಕಾರ್ಖಾನೆಯ ನೌಕರಿ! ನಮ್ಮ ಮಕ್ಕಳು ಹಾಗೆ ಮಾಡಿದ್ದರೆ ಮನೆಯಲ್ಲಿ ಆ ದಿನ ಒಲೆ ಉರಿಯುತ್ತಿರಲಿಲ್ಲ.

ಬಡತನವನ್ನು ಬರೆದು ಮಾರುವುದು ನ್ಯಾಯವೇ ಎಂಬ ಪ್ರಶ್ನೆ ಇದ್ದೇ ಇದೆ. ಕಷ್ಟ ಉಂಡವರು ಬರೆದರೆ ತಪ್ಪಿಲ್ಲ ಎಂಬ ಉತ್ತರ ನಮಗೆ ಸಾಲದು. ಹಸಿದವರೆಲ್ಲ ಹಸಿವಿನ ಬಗ್ಗೆ ನಿಜವನ್ನೇ ಹೇಳುತ್ತಾರೆಂದೇನೂ ಇಲ್ಲ. ಅರಕ್ಕಲ್ ಅವರನ್ನು ನಾವು ಒಪ್ಪುವುದು ಬೇರೆ ಕಾರಣಕ್ಕೆ. ಅವರ ಒಂಟಿ ಮನುಷ್ಯರು ನಮ್ಮೆದುರು ಕೈಚಾಚುವುದಿಲ್ಲ. ಮಬ್ಬು ಬಣ್ಣಗಳ ನಡುವೆ, ಮುಖ ಸ್ಪಷ್ಟವಾಗಿ ಕಾಣದಂತೆ, ತಮ್ಮಷ್ಟಕ್ಕೆ ಕುಳಿತಿರುತ್ತಾರೆ. ಎರಡು ಹನಿ ಕಣ್ಣೀರು ಸುರಿಸಿ ಹಗುರಾಗಿ ಮನೆಗೆ ಹೋಗುವ ಅನುಕೂಲ ನಮಗಿಲ್ಲ.

2005ರಲ್ಲಿ ಫ್ಲಾರೆನ್ಸಿನ ಬಿನಾಲೆಯಲ್ಲಿ ಅವರಿಗೆ ಚಿನ್ನದ ಪದಕ ಬಂತು. 2016ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಬಸ್ಸಿಗೆ ಕಾಯುವವನು ಆ ಚಿತ್ರಗಳನ್ನು ಕೊಳ್ಳಲಾರ, ಗ್ಯಾಲರಿಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದೂ ಅವನಿಗೆ ತಿಳಿಯದು. ಇದನ್ನು ಕಲಾವಿದನ ಲೆಕ್ಕಕ್ಕೆ ಬರೆಯಲು ನಮಗೆ ಮನಸ್ಸಿಲ್ಲ. ಒಂದು ಪ್ರತಿಯನ್ನಾದರೂ ಊರ ಶಾಲೆಯ ಗೋಡೆಗೆ ನಾವು ತರಬಹುದಿತ್ತು.