ಬೇಸಗೆ ನಾಲ್ಕು ತಿಂಗಳು, ಕಂತು ಹನ್ನೆರಡು

ಎಸಿ ರಿಪೇರಿಯ ಬೇಸಗೆ ನಾಲ್ಕು ತಿಂಗಳು, ಬ್ಯಾಂಕಿನ ಕಂತು ಹನ್ನೆರಡು ತಿಂಗಳು. ಸಾಲ ಮಾಡಿ ಈ ಕೆಲಸ ಕಲಿಯಲು ಹೊರಟ ಹುಡುಗ ಇದನ್ನು ಮೊದಲು ಬರೆದಿಟ್ಟುಕೊಳ್ಳಲಿ, ಫೀಸನ್ನು ಆಮೇಲೆ.

*

ಮುಂಬಯಿ ಪಕ್ಕದ ನಮ್ಮ ಕಳವಾದಲ್ಲಿ ಮಾರ್ಚ್ ಬಂತೆಂದರೆ ಗೋಡೆಗಳ ಮೇಲೆ ಚೀಟಿಗಳು ಏಳುತ್ತವೆ: ಆರು ತಿಂಗಳಲ್ಲಿ ಎಸಿ ಮೆಕ್ಯಾನಿಕ್, ಕೆಲಸ ಗ್ಯಾರಂಟಿ. ಗ್ಯಾರಂಟಿ ದಪ್ಪ ಅಕ್ಷರದಲ್ಲಿ. ಫೀಸು ಎಲ್ಲೂ ಇಲ್ಲ. ಬೆಲೆ ಬರೆಯದ ಮೆನುಕಾರ್ಡು ಕಂಡರೆ ಇಲ್ಲಿನ ನಮ್ಮ ಕನ್ನಡಿಗರು ಆ ಹೋಟೆಲಿನ ಮೆಟ್ಟಿಲು ಇಳಿದುಬಿಡುತ್ತಾರೆ, ಹೋಟೆಲು ನಡೆಸಿ ಗೊತ್ತಿರುವ ಜನ. ಮಕ್ಕಳ ಓದಿನ ಬೆಲೆ ಕೇಳಲು ಮಾತ್ರ ನಾಚಿಕೆ.

*

ಒಂದೂವರೆ ಲಕ್ಷ ಸಾಲ, ನೂರಕ್ಕೆ ಹನ್ನೆರಡು ಬಡ್ಡಿ, ಮೂರು ವರ್ಷ. ಉಳಿದ ಅಸಲಿಗಷ್ಟೇ ಬಡ್ಡಿಯಾದರೆ ತಿಂಗಳಿಗೆ 4,982 ರೂಪಾಯಿ. ಅದೇ ಹನ್ನೆರಡನ್ನು 'ಫ್ಲ್ಯಾಟ್' ಎಂದರೆ 5,667. ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಿರುತ್ತೀರಿ. ನಿಜವಾದ ದರ ಇಪ್ಪತ್ತೊಂದರ ಹತ್ತಿರ. ಫ್ಲ್ಯಾಟ್ ಎಂದರೆ ಡೊಂಬಿವಲಿಯಲ್ಲಿ ಮನೆ ಅಂದುಕೊಂಡು ಸಹಿ ಹಾಕಿದವರನ್ನೂ ನೋಡಿದ್ದೇನೆ. ತಮಾಷೆಗೆ ಹೇಳಿದೆ, ಆದರೆ ಬಹಳ ದೂರದ ತಮಾಷೆಯಲ್ಲ.

*

ಕೌಶಲ ತರಬೇತಿಗೆಂದೇ 2015ರಲ್ಲಿ ಬಂದ ಬ್ಯಾಂಕ್ ಸಾಲದಲ್ಲಿ ಒಂದೂವರೆ ಲಕ್ಷದವರೆಗೆ ಅಡಮಾನ ಬೇಕಿರಲಿಲ್ಲ. 2024ರಲ್ಲಿ ಆ ಮಿತಿಯನ್ನು ಏಳೂವರೆ ಲಕ್ಷಕ್ಕೆ ಏರಿಸಿದರು. ಎಷ್ಟು ಕೊಡುತ್ತಾರೆ ಎನ್ನುವುದು ಬ್ಯಾಂಕಿನ ಲೆಕ್ಕ. ಆಷಾಢದಲ್ಲಿ ಎಷ್ಟು ಕಟ್ಟಬಲ್ಲೆ ಎನ್ನುವುದು ನಿನ್ನದು.

*

ಸರ್ಕಾರಿ ಐಟಿಐ ಅಗ್ಗ, ಪುಕ್ಕಟೆ ಅಲ್ಲ. ಹುಡುಗ ಹೆಲ್ಪರ್ ಆಗಿ ತಿಂಗಳಿಗೆ ಹನ್ನೆರಡು ಸಾವಿರ ತರುತ್ತಿದ್ದ ಎಂದಿಟ್ಟುಕೊಳ್ಳಿ. ಎರಡು ವರ್ಷ ಕ್ಲಾಸಿನಲ್ಲಿ ಕೂತರೆ ಮನೆಗೆ ಬಾರದ ಹಣ 2,88,000. ಈ ಲೆಕ್ಕವನ್ನು ಅಪ್ಪಂದಿರು ಹಾಕುವುದಿಲ್ಲ, ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ತಿಳಿದೂ ನಾನು ಐಟಿಐ ಕಡೆಗೇ ಕೈ ಎತ್ತುತ್ತೇನೆ.

*

2022ರ ಆಗಸ್ಟಿನಲ್ಲಿ ಕಳವಾದ ಜನ ಎಸಿ ಲೋಕಲ್ ರೈಲಿಗೆ ಅಡ್ಡ ನಿಂತರು. ಕಾರ್ ಶೆಡ್‌ನಿಂದ ಹೊರಡುವ ಸಾದಾ ಗಾಡಿ ಹತ್ತಿ ಠಾಣೆಯ ನೂಕುನುಗ್ಗಲು ತಪ್ಪಿಸಿಕೊಳ್ಳುತ್ತಿದ್ದವರಿಗೆ ಎಸಿ ಗಾಡಿಯ ಬಾಗಿಲು ಮುಚ್ಚಿತ್ತು, ಪಾಸು ದುಬಾರಿಯಾಗಿತ್ತು. ತಂಪು ಎಲ್ಲರಿಗೂ ಒಂದೇ ದರದಲ್ಲಿ ಸಿಗುವುದಿಲ್ಲ. ಅಂಥ ಗಾಡಿ ರಿಪೇರಿಗೆ ರೈಲ್ವೆ ಆಳು ತೆಗೆದುಕೊಳ್ಳುವಾಗ ಕೇಳುವುದು ಐಟಿಐ ಸರ್ಟಿಫಿಕೇಟು. ಗೋಡೆ ಚೀಟಿಯವರು ಕೊಟ್ಟ ಚಿನ್ನದ ಅಂಚಿನ ಕಾಗದ ಅಲ್ಲಿ ನಡೆಯದು.

*

ಕಳೆದ ಮೇಯಲ್ಲಿ ನಮ್ಮ ಎಸಿ ಕೆಟ್ಟಿತು. ಬಂದ ಹುಡುಗ ಕುಂದಾಪುರ ಕಡೆಯವನು. ಗ್ರಿಲ್ಲಿನ ಹೊರಗೆ ಒಂದು ಕಾಲಿಟ್ಟು ಪೈಪಿನ ತುದಿ ಅಗಲಿಸಿ ನಟ್ ಬಿಗಿದ, ಒಳಬಂದು ವ್ಯಾಕ್ಯೂಮ್ ಪಂಪ್ ಹಚ್ಚಿ ನೆಲದ ಮೇಲೆ ಕೂತ. ಬೆವರು ಗೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಗ್ಯಾಸ್ ತುಂಬಿಸಿಬಿಡು ಮಾರಾಯ ಎಂದೆ. "ಅರ್ಧ ಗಂಟೆ ಅಂಕಲ್. ಪೈಪಲ್ಲಿ ನೀರಿನ ಪಸೆ ಉಳಿದ್ರೆ ಕಂಪ್ರೆಸರ್ ತಿಂದುಹಾಕ್ತದೆ" ಎಂದ. ಕ್ಲಾಸಿನಲ್ಲಿ ಕಲಿಸಿದ್ದಾ ಎಂದು ಕೇಳಿದರೆ ನಕ್ಕ. ಎಂಬತ್ತು ಸಾವಿರ ತೆಗೆದುಕೊಂಡ ಆ ಕ್ಲಾಸಿನಲ್ಲಿ ಮೂವತ್ತು ಹುಡುಗರಿಗೆ ಇದ್ದದ್ದು ಒಂದೇ ಎಸಿ, ಅದೂ ಮೇಷ್ಟ್ರ ಕೋಣೆಯದು. ಆ ಅರ್ಧ ಗಂಟೆಯನ್ನು ಕಲಿಸಿದ್ದು ಅವನ ಉಸ್ತಾದ್, ಪುಕ್ಕಟೆಯಾಗಿ.

*

ಕ್ಲಾಸು ನೋಡಲು ಹೋದವರು ಬೋರ್ಡು ಓದಬೇಡಿ. ಎಷ್ಟು ಪಂಪ್, ಎಷ್ಟು ಗೇಜು, ಒಂದಕ್ಕೆ ಎಷ್ಟು ಕೈ, ಎಣಿಸಿ.

*

ಯಾವ ಗ್ಯಾಸಿನ ಮೇಲೆ ಕಲಿಸುತ್ತೀರಿ ಎಂದೂ ಕೇಳಿ. ಆರ್-22 ಭಾರತದಲ್ಲಿ 2030ರ ಹೊತ್ತಿಗೆ ಹೊರನಡೆಯುವ ಅತಿಥಿ. ಮನೆಗಳಿಗೆ ಈಗ ಬರುವುದು ಆರ್-32, ಆರ್-290. ಎರಡೂ ಹೊತ್ತಿಕೊಳ್ಳುವ ಜಾತಿ, ಎರಡನೆಯದಂತೂ ಪ್ರೊಪೇನ್. ಹಳೆಯ ಕೈಚಳಕ ಅಲ್ಲಿ ಜೀವಕ್ಕೇ ಬಂದೀತು.

*

ಕ್ಯಾರಿಯರ್ ಎಂಬಾತ 1902ರಲ್ಲಿ ಮೊದಲ ಯಂತ್ರ ಕೂಡಿಸಿದ್ದು ಬ್ರೂಕ್ಲಿನ್ನಿನ ಒಂದು ಪ್ರೆಸ್ಸಿನ ಕಾಗದ ಸುಕ್ಕಾಗದಿರಲೆಂದು, ಮನುಷ್ಯರಿಗಾಗಿ ಅಲ್ಲ. ಈಗ ಕಳವಾದ ಪಕ್ಕದ ಐರೋಲಿ, ರಬಾಳೆಯ ಡೇಟಾ ಸೆಂಟರುಗಳಲ್ಲಿ ತಂಪು ಬೇಕಾದದ್ದು ಕಂಪ್ಯೂಟರುಗಳಿಗೆ. ಮನೆಯವರು ಮಳೆ ಬಿದ್ದೊಡನೆ ಎಸಿ ಆರಿಸುತ್ತಾರೆ, ಕಂಪ್ಯೂಟರಿಗೆ ಮಳೆಗಾಲವಿಲ್ಲ. ಕಂತು ಇದ್ದವನು ಆ ಕಡೆ, ಆಸ್ಪತ್ರೆಯ ಕಡೆ, ಕೋಲ್ಡ್ ಸ್ಟೋರೇಜಿನ ಕಡೆ ಮುಖ ಮಾಡಲಿ. ಮನೆ ಕೆಲಸದಲ್ಲಿ ಕೈಗೆ ದುಡ್ಡು ಬೇಗ ಬರುತ್ತದೆ, ನಿಜ. ಜುಲೈಯಲ್ಲಿ ಅಷ್ಟೇ ಬೇಗ ನಿಲ್ಲುತ್ತದೆ.

*

ಮುಂಬಯಿ ಫೋರ್ಟಿನ ಹೋಟೆಲುಗಳಲ್ಲಿ ಹಗಲು ತಟ್ಟೆ ಎತ್ತಿ, ರಾತ್ರಿ ಕನ್ನಡ ಶಾಲೆಯಲ್ಲಿ ಬೆಂಚು ಹಿಡಿದವರು ನಮ್ಮ ಹಿರಿಯರು. ಅವರ ಓದಿಗೆ ಸಾಲ ಇರಲಿಲ್ಲ, ನಿದ್ದೆ ಇರಲಿಲ್ಲ. ಅದನ್ನು ಹೊಗಳಿ ಮಕ್ಕಳನ್ನು ಹಂಗಿಸುವುದು ನನಗೆ ಸೇರದು. ಆದರೆ ದುಡಿಯುತ್ತ ಕಲಿಯುವ ದಾರಿ ಮುಚ್ಚಿಲ್ಲ: 1961ರ ಅಪ್ರೆಂಟಿಸ್ ಕಾಯಿದೆಯಡಿ ಕಲಿಯುವವನಿಗೆ ಕಂಪನಿ ತಿಂಗಳ ಭತ್ಯೆ ಕೊಡಲೇಬೇಕು.

*

ಉಪಕರಣದ ಚೀಲ ಫೀಸಿನಲ್ಲಿ ಸೇರಿಲ್ಲ. ಅದು ಎರಡನೆಯ ಸಾಲ.

*

ಭಾವನಿಂದ ತಂದ ಕೈಗಡಕ್ಕೆ ಬಡ್ಡಿ ಇಲ್ಲ. ಪ್ರತಿ ಮದುವೆಯಲ್ಲಿ ಅದರ ಪ್ರಸ್ತಾಪವಿದೆ.

*

ಹತ್ತನೆಯ ಫಲಿತಾಂಶದ ಬೆನ್ನಿಗೇ ಮಹಾರಾಷ್ಟ್ರದ ಐಟಿಐ ಪ್ರವೇಶ ಆನ್‌ಲೈನಿನಲ್ಲಿ ಶುರುವಾಗುತ್ತದೆ. ಆ ಹೊತ್ತಿಗೆ ನಮ್ಮ ಅರ್ಧ ಕಟ್ಟಡ ಊರಿನಲ್ಲಿ ಹಲಸಿನ ಹಣ್ಣು ಬಿಡಿಸುತ್ತಿರುತ್ತದೆ. ಊರಿಗೆ ಹೋಗಿ ಬನ್ನಿ. ಆದರೆ ಮತ್ಸ್ಯಗಂಧ ರೈಲು ಹತ್ತುವಾಗ ಹುಡುಗನ ಮಾರ್ಕ್ಸ್‌ಕಾರ್ಡು, ಡೊಮಿಸೈಲ್ ಕಾಗದ ಚೀಲದಲ್ಲಿರಲಿ, ಅರ್ಜಿಯನ್ನು ಅಲ್ಲಿಂದಲೇ ತುಂಬಿ.