ಒಂದು ಸಂಖ್ಯೆ ಅಪರಾಧ ಆಗಬಹುದಾ?

7, 11, 13ರಿಂದ ಯಾರಿಗಾದರೂ ತೊಂದರೆ ಆಗಿದ್ದು ನಾನಂತೂ ಕೇಳಿಲ್ಲ. ಆದರೆ 1401 ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆಗೆ ‘ಕಾನೂನುಬಾಹಿರ ಅವಿಭಾಜ್ಯ’ ಅಂತಲೇ ಹೆಸರು ಬಿದ್ದಿದೆ. 2001ರ ಮಾರ್ಚಿನಲ್ಲಿ ಅದನ್ನು ಹುಡುಕಿ ತೆಗೆದವನು ಫಿಲ್ ಕಾರ್ಮೊಡಿ.

ಕಥೆ ಶುರುವಾಗೋದು 1999ರಲ್ಲಿ. ಡಿವಿಡಿಗಳ ಡಿಜಿಟಲ್ ಬೀಗ ತೆಗೆಯುವ ಡಿ-ಸಿಎಸ್‌ಎಸ್ ಅನ್ನೋ ಪುಟ್ಟ ಪ್ರೋಗ್ರಾಂ ಹೊರಬಂತು. ಹಾಲಿವುಡ್ ಕಂಪನಿಗಳು ಕೋರ್ಟಿಗೆ ಹೋದವು. 2000ದಲ್ಲಿ ನ್ಯೂಯಾರ್ಕ್‌ನ ಕೋರ್ಟು, ಅದನ್ನು ಪ್ರಕಟಿಸಕೂಡದು ಅಂತ ಒಂದು ಹ್ಯಾಕರ್ ಪತ್ರಿಕೆಗೆ ತಡೆ ಹಾಕಿತು.

ಯಾವ ಫೈಲಾದರೂ ಕೊನೆಗೆ ಒಂದು ಉದ್ದನೆಯ ಸಂಖ್ಯೆ ತಾನೇ? ಕಾರ್ಮೊಡಿ ಆ ಪ್ರೋಗ್ರಾಂನ ಕೋಡನ್ನು ಜಿ-ಜಿಪ್ ಮಾಡಿ, ಬಂದ ಬೈಟುಗಳನ್ನು ಒಂದೇ ಸಂಖ್ಯೆಯಾಗಿ ಓದಿದ. ಅದು ಅವಿಭಾಜ್ಯ ಆಗಿರಬೇಕು ಅಂತೇನಿಲ್ಲ. ಆದರೆ ಇಂಥ ಫೈಲಿನ ಬಾಲಕ್ಕೆ ಒಂದಿಷ್ಟು ಕಸ ಅಂಟಿಸಿದರೂ ಒಳಗಿರೋದು ಸರಿಯಾಗೇ ಬಿಚ್ಚಿಕೊಳ್ಳುತ್ತೆ. ಹಾಗಾಗಿ ಬಾಲ ಬದಲಿಸ್ತಾ ಹೋದರಾಯ್ತು. ಅಷ್ಟು ದೊಡ್ಡ ಸಂಖ್ಯೆಗಳ ನಡುವೆಯೂ ಸರಾಸರಿ ಮೂರು ಸಾವಿರ ಚಿಲ್ಲರೆ ಸಂಖ್ಯೆಗೊಂದು ಅವಿಭಾಜ್ಯ ಸಿಕ್ಕೇ ಸಿಗುತ್ತೆ. (ಅವಿಭಾಜ್ಯಗಳ ಈ ಔದಾರ್ಯ ನನಗೆ ಇವತ್ತಿಗೂ ಆಶ್ಚರ್ಯ.) ಆಮೇಲೆ ಅವನು 1905 ಅಂಕಿಗಳ ಇನ್ನೊಂದನ್ನು ಹುಡುಕಿದ. ಒಂದು ನಿರ್ದಿಷ್ಟ ವಿಧಾನದಿಂದ ಸಾಬೀತಾದ ಅತಿ ದೊಡ್ಡ ಅವಿಭಾಜ್ಯಗಳ ಪಟ್ಟಿಯಲ್ಲಿ ಅದಕ್ಕೆ ಗಣಿತದ ಯೋಗ್ಯತೆಯಿಂದಲೇ ಜಾಗ ಸಿಗುವಂತಿತ್ತು. ಈಗ ಬ್ಯಾನ್ ಮಾಡಿ ನೋಡೋಣ!

ವಾದ ಚೆನ್ನಾಗಿದೆ. ಸಂಖ್ಯೆಯನ್ನು ಯಾರೂ ಹುಟ್ಟಿಸಿಲ್ಲ, ಸಿನಿಮಾ ಅನ್ನೋದು ಹುಟ್ಟೋ ಮೊದಲೂ ಅದು ಅವಿಭಾಜ್ಯವೇ. ಅದಕ್ಕೆ ಬೇಲಿ ಹಾಕೋದು ನಗೆಪಾಟಲು.

ಆದರೆ ನಿಮ್ಮ ಫೋನಿನಲ್ಲಿರೋ ಫೋಟೋ ಕೂಡ ಒಂದು ಸಂಖ್ಯೆಯೇ. ಒಬ್ಬ ಹುಡುಗಿಯ ಖಾಸಗಿ ಚಿತ್ರವನ್ನು ಅವಳನ್ನು ಕೇಳದೆ ಗ್ರೂಪಿಗೆ ಹಾಕಿದವನೂ ‘ನಾನು ಕಳಿಸಿದ್ದು ಬರೀ ಒಂದು ಸಂಖ್ಯೆ, ಅದು ಮೊದಲೇ ಇತ್ತು’ ಅನ್ನಬಹುದಲ್ವಾ? ಬಾಲ ಅಂಟಿಸಿ ಅವಿಭಾಜ್ಯವನ್ನೂ ಮಾಡಿಕೊಂಡಾನು. ದೊಡ್ಡ ಫೋಟೋ ಆದರೆ ಲೆಕ್ಕ ಮುಗಿಯೋಲ್ಲ, ಆದರೆ ಒಂದು ತಂಬ್‌ನೇಲ್ ಸಾಕಲ್ಲ.

ಸಂಖ್ಯೆ ಮೊದಲೇ ಇತ್ತು ಅನ್ನೋದನ್ನ ನಾನು ಒಪ್ತೀನಿ. ಆದರೆ 1401 ಅಂಕಿಗಳ ಆ ಕಾಡಿನಲ್ಲಿ ಆಕಸ್ಮಿಕವಾಗಿ ಅದನ್ನೇ ಎಡವಿ ಬೀಳೋದು ಯಾರಿಂದಲೂ ಸಾಧ್ಯವಿಲ್ಲ. ಅಲ್ಲಿಗೆ ಹೋಗೋ ದಾರಿ ಒಂದೇ, ಕೈಯಲ್ಲಿ ಆ ಫೈಲ್ ಇರಬೇಕು. ಹುಡುಗಿಯ ಚಿತ್ರಕ್ಕೂ ಅಷ್ಟೇ, ದಾರಿ ಹಾದು ಹೋಗೋದು ಅವಳ ಮೂಲಕವೇ. ಗಣಿತ ಇಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳೋಲ್ಲ. ಕಾರ್ಮೊಡಿಯ ಪಕ್ಷ ನನಗೆ ಸರಿ ಅನ್ನಿಸೋದು ಬೇರೆ ಕಾರಣಕ್ಕೆ: ದುಡ್ಡು ಕೊಟ್ಟು ತಂದ ಡಿವಿಡಿಯನ್ನು ನನ್ನದೇ ಲಿನಕ್ಸ್ ಕಂಪ್ಯೂಟರಿನಲ್ಲಿ ನೋಡೋಕೆ ಯಾರ ಅಪ್ಪಣೆ ಬೇಕು?

ಆ ಪ್ರೋಗ್ರಾಂ ಬರೆದವರಲ್ಲೊಬ್ಬ ನಾರ್ವೆಯ ಯೋನ್ ಯೊಹಾನ್ಸೆನ್, ಆಗಿನ್ನೂ 15ರ ಹುಡುಗ. ಅವನ ಮೇಲೂ ಕೇಸು ನಡೆದು, 2003ರ ಜನವರಿಯಲ್ಲಿ ಓಸ್ಲೋದ ಕೋರ್ಟು ಖುಲಾಸೆ ಮಾಡಿತು. ಅಲ್ಲಿ ಮುಖ್ಯವಾಗಿದ್ದು, ಅವನು ನೋಡಿದ ಡಿವಿಡಿಯನ್ನು ದುಡ್ಡು ಕೊಟ್ಟು ಕೊಂಡಿದ್ದನಾ ಅನ್ನೋದು. ಕೊಂಡಿದ್ದ.