ಡೋಲಿಯಲ್ಲಿ ಕುಳಿತ ಪುರುಷ

ಪುರುಷನಿಗೂ ಪ್ರಕೃತಿಗೂ ಇರುವ ಸಂಬಂಧವನ್ನು ತಿಳಿಸಲು ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಕುಂಟ ಕುರುಡರ ದೃಷ್ಟಾಂತವೊಂದುಂಟು. ನೋಡಬಲ್ಲನಾದರೂ ನಡೆಯಲಾರದ ಪುರುಷನು ಕುಂಟ; ನಡೆಯಬಲ್ಲಳಾದರೂ ಕಾಣಲಾರದ ಪ್ರಕೃತಿ ಕುರುಡಿ. ಶೈಶವದಲ್ಲಿಯೇ ಪೋಲಿಯೋ ತಗುಲಿ ಬಲಗಾಲು ಸೊರಗಿದ ನನಗೆ, ಲೋಕವು ಮರುಕದಿಂದ ನೋಡುವ ಅವಸ್ಥೆಯನ್ನು ದರ್ಶನಕಾರನು ಸಾಕ್ಷಾತ್ ಚೈತನ್ಯಕ್ಕೇ ಆರೋಪಿಸಿರುವನಲ್ಲಾ ಎಂದು ಮೊದಲ ಓದಿನಲ್ಲಿ ಹೆಮ್ಮೆಯೇ ಆಯಿತು. ಆದರೆ ಉಪಮೆಯನ್ನೂರಿಕೊಂಡು ಬೆಟ್ಟ ಹತ್ತಲಾಗುವುದಿಲ್ಲ.

ನಾನು ಹತ್ತಬೇಕೆಂದಿದ್ದುದು ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು. ಮೈ ದಣಿದು ಏರಿದರೇ ಯಾತ್ರೆ, ಪರರ ಹೆಗಲೇರಿ ಹೋದವನಿಗೆ ಪುಣ್ಯವೆಲ್ಲಿಯದು ಎಂಬುದು ನಮ್ಮ ಮನೆಯ ಹಿರಿಯರ ಮತ. ಅದನ್ನೇ ಪ್ರಮಾಣವೆಂದು ನಂಬಿ ಎಷ್ಟೋ ವರ್ಷ ಬುಡದ ಕಲ್ಯಾಣಿಯ ಬಳಿಯಲ್ಲಿಯೇ ಕುಳಿತು, ಹೋದವರ ಚಪ್ಪಲಿಗಳನ್ನು ಕಾದು ಹಿಂದಿರುಗಿದ್ದೆ. ಒಮ್ಮೆ ಹಾಗೆ ಕುಳಿತಿದ್ದಾಗಲೇ ಬೇರೊಂದು ಯೋಚನೆ ಬಂದಿತು. ಆ ನುಣುಪಾದ ಬಂಡೆಯಲ್ಲಿ ಆರುನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಕಡಿದುದು ಯಾರಿಗಾಗಿ? ಗಟ್ಟಿ ಕಾಲಿನವರೂ ಬರಿಯ ಬಂಡೆಯ ಮೇಲೆ ಜಾರುವರೆಂದಲ್ಲವೇ? ಅವರ ಕಾಲಿಗೆ ಉಳಿಯು ಮಾಡಿದ ಉಪಕಾರವು ಪುಣ್ಯಕ್ಕೆ ಊನವಲ್ಲವಾದರೆ, ನನ್ನ ಕಾಲಿಗೆ ಬಿದಿರು ಮಾಡುವ ಉಪಕಾರವು ಮಾತ್ರ ಊನವಾಗುವುದು ಅದೆಂತು?

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಡೋಲಿಯಲ್ಲಿ ಕುಳಿತೆ. “ಹಿಂದಕ್ಕೆ ಒರಗಿಕೊಳ್ಳಿ ಸ್ವಾಮಿ, ಅಲ್ಲಾಡಬೇಡಿ” ಎಂದು ನಾಲ್ವರು ಹೊತ್ತು ಹೊರಟರು. ನಡುವೆ ಅವರು ಹೆಗಲು ಬದಲಿಸಲೆಂದು ನನ್ನನ್ನು ಇಳಿಸಿದೆಡೆಯಲ್ಲಿ, ಅಂಗೈಯಗಲದ ಒಂದು ದೊಣೆಯಲ್ಲಿ ನಿಂತ ಮಳೆನೀರೊಳಗೆ ಗೊದಮೊಟ್ಟೆಗಳು ಬಾಲವಾಡಿಸುತ್ತಿದ್ದುವು. ಪಕ್ಕದ ಬಿರುಕಿನಲ್ಲಿ ನಾಲ್ಕೆಸಳು ಹುಲ್ಲು. ಅಂಗೈಯೂರಿದೆ. ಬಿಸಿಲಿಗೆ ಆಗತಾನೇ ಬೆಚ್ಚಗಾಗುತ್ತಿದ್ದ ಕಲ್ಲು ದೊಡ್ಡದೊಂದು ಪ್ರಾಣಿಯ ಮೈಯಂತಿತ್ತು. ನಡೆದು ಏರುವವರು ಏದುಸಿರಿನಿಂದ ಅದನ್ನು ದಾಟಿಹೋಗುತ್ತಿದ್ದರು. ಪುರುಷನು ಪ್ರಕೃತಿಯನ್ನು ಕಂಡು ಮುಗಿಸಿ ಅವಳಿಂದ ಬೇರೆಯಾಗುವುದೇ ಸಾಂಖ್ಯರಿಗೆ ಕೈವಲ್ಯ. ನನಗಾದರೋ ಆ ಹೊತ್ತಿಗೆ ಕೈವಲ್ಯ ಬೇಡವಾಗಿ, ಗೊದಮೊಟ್ಟೆಗಳನ್ನು ಇನ್ನೊಂದು ಗಳಿಗೆ ನೋಡುವುದು ಬೇಕಾಗಿತ್ತು.

ಮೇಲೆ, 981ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ, ಸುಮಾರು 58 ಅಡಿಯ ಗೊಮ್ಮಟ. ವರ್ಷವೊಂದರ ಕಾಲ ಅಲುಗದೆ ನಿಂತವನ ಕಾಲನ್ನು ಸುತ್ತಿ ತೋಳಿನವರೆಗೆ ಹಬ್ಬಿದ ಬಳ್ಳಿ, ಪಾದದ ಬಳಿ ಹುತ್ತ. ಚಲಿಸದವನೆಡೆಗೆ ಪ್ರಕೃತಿಯೇ ನಡೆದು ಬರುವಳೆಂಬ ಮಾತು ಇಲ್ಲಿ ಸಲೀಸಾಗಿ ನಾಲಗೆಗೆ ಬರುತ್ತದೆ. ನಾನು ಅದನ್ನು ಆಡಲಾರೆ. ಬಾಹುಬಲಿಯ ನಿಶ್ಚಲತೆ ಅವನೇ ವರಿಸಿದುದು. ನನ್ನದು ಕೇಳದೆ ಬಂದುದು. ಬೇನೆಯನ್ನು ತಪಸ್ಸೆಂದು ಕರೆದರೆ ಬೇನೆ ಪಡುವವನಿಗಿಂತ ನೋಡುವವರಿಗೇ ಹೆಚ್ಚು ಸಮಾಧಾನ. ಆದರೂ ಆ ಬಳ್ಳಿ, ತಾನು ಹಬ್ಬಿದ ಕಾಲು ನಡೆಯಬಲ್ಲುದೇ ಎಂದು ಕೇಳಿದಂತೆ ಕಾಣಲಿಲ್ಲ.

ಸಾಂಖ್ಯದ ಭಾಷ್ಯದಲ್ಲಿ ಕುಂಟನು ಕುರುಡನ ಹೆಗಲೇರಿ ದಾರಿ ತೋರಿಸುತ್ತಾನೆ. ಇಳಿಯುವಾಗ ಅದು ನೆನಪಾಯಿತು. ಹೊತ್ತವರ ದೃಷ್ಟಿಯೆಲ್ಲ ಕಾಲಕೆಳಗಿನ ಮೆಟ್ಟಿಲಿನಲ್ಲಿಯೇ ನೆಟ್ಟಿತ್ತು. ಮುಂದಿನ ಹೆಗಲಿನವನು ತಲೆಯೆತ್ತದೆ ಕೇಳಿದ: “ಆ ಕಡೆ ಕೆರೆ ತುಂಬೈತಾ ನೋಡಿ ಸ್ವಾಮಿ, ನಮಗೆ ಮೆಟ್ಲು ಬಿಟ್ರೆ ಏನೂ ಕಾಣಕಿಲ್ಲ.”

ತೆಂಗಿನ ತೋಟಗಳಾಚೆ ಬಿಸಿಲಿಗೆ ಹೊಳೆಯುತ್ತಿದ್ದ ನೀರನ್ನು ದಿಟ್ಟಿಸಿ ನೋಡಿ, ಏರಿಯ ಅರ್ಧಕ್ಕೆ ಬಂದಿದೆ, ಕೋಡಿ ಬಿದ್ದಿಲ್ಲ ಎಂದು ಹೇಳಿದೆ.